ನಾಯಿಗೆ ಮೈಕ್ರೋಚಿಪ್ ಹಾಕಿಸಿದೆ: ಸೇವೆ ಹೇಗಿತ್ತು, ಕೊಟ್ಟ ದುಡ್ಡಿಗೆ ಏನು ಸಿಕ್ಕಿತು

ಮೊದಲು ಅಂಕ, ಆಮೇಲೆ ಕಥೆ. ಐದಕ್ಕೆ ಮೂರೂವರೆ. ಚಿಪ್‌ಗೆ (ನಾಯಿಯ ಚರ್ಮದ ಕೆಳಗೆ ಹಾಕುವ, ಗುರುತಿನ ನಂಬರ್ ಇರುವ ಸಣ್ಣ ಕೊಳವೆ) ಐದು, ಅದನ್ನು ಹಾಕಿದ ಡಾಕ್ಟರ ಕೈಗುಣಕ್ಕೆ ಐದು, ಹಾಕಿದ ಮೇಲಿನ ಕಾಗದಪತ್ರದ ಕೆಲಸಕ್ಕೆ ಒಂದೂವರೆ. ಸರಾಸರಿ ತೆಗೆದರೆ ಮೂರೂ ಮುಕ್ಕಾಲು ದಾಟುತ್ತದೆ. ಮೂರೂವರೆಗಿಂತ ಮೇಲಿನದನ್ನು ದಂಡ ಅಂತ ಹಿಡಿದುಕೊಂಡಿದ್ದೇನೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಕ್ಲಿನಿಕ್‌ನ ಹೆಸರು ಬರೆಯುತ್ತಿಲ್ಲ. ಮೈಸೂರಿನಲ್ಲಿ ನಮ್ಮ ಬಡಾವಣೆಗೆ ಹತ್ತಿರದಲ್ಲೇ ಇದೆ. ತಪ್ಪು ತೋರಿಸಿದ ಮೇಲೆ ಸರಿ ಮಾಡಿಕೊಂಡಿದ್ದಾರೆ. ಅಲ್ಲದೆ ಬೇರೆ ಊರುಗಳಲ್ಲಿ ನಾಯಿ ಸಾಕಿರುವ ಗೆಳೆಯರೂ ಇದೇ ತೊಂದರೆ ಹೇಳಿದ್ದಾರೆ. ಹಾಗಾಗಿ ಒಂದು ಅಂಗಡಿಯನ್ನು ಬೈಯುವುದಕ್ಕಿಂತ ಈ ಸೇವೆ ತಗೊಳ್ಳುವಾಗ ಏನೇನು ಕೇಳಬೇಕು ಅಂತ ಬರೆದರೆ ಉಪಯೋಗ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಕೂತು ರಿಟೈರ್ ಆದವನು. ಯಾರೇ ಬಂದು "ಇದು ನಂದು ಸಾರ್" ಅಂದರೂ ನನ್ನ ಬಾಯಿಂದ ಬರುತ್ತಿದ್ದ ಮೊದಲ ಮಾತು "ದಾಖಲೆ ತೋರ್ಸಿ". ಆ ಚಾಳಿ ಇನ್ನೂ ಬಿಟ್ಟಿಲ್ಲ. ನಮ್ಮ ಚುಕ್ಕಿ ಮಾತ್ರ ಯಾವ ದಾಖಲೆಯೂ ಇಲ್ಲದೆ ಮನೆಗೆ ಬಂದವಳು. ಮಗಳು ಬೀದಿಯಿಂದ ಎತ್ತಿಕೊಂಡು ಬಂದ ಮರಿ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ, ಹಿಂದಿನ ಬಲಗಾಲಿನಲ್ಲಿ ಒಂದು ಬೆರಳು ಮಾತ್ರ ಬಿಳಿ. ಮಾರಿದವರಿಲ್ಲ, ರಸೀದಿ ಇಲ್ಲ, ವಂಶಾವಳಿ ಅಂತೂ ಕೇಳಲೇಬೇಡಿ. ಮಗಳು ಕೆಲಸ ಸಿಕ್ಕಿ ಪುಣೆಗೆ ಹೋದಳು, ನಾಯಿ ನನ್ನ ಪಾಲಿಗೆ ಉಳಿಯಿತು.

ಚಿಪ್ ಹಾಕಿಸಲು ಹೇಳಿದ್ದೂ ಮಗಳೇ. ಚಿಪ್, ಹಾಕುವ ಚಾರ್ಜು, ರಿಜಿಸ್ಟ್ರೇಷನ್ ಎಲ್ಲ ಸೇರಿ ಬಿಲ್ 1,400 ರೂಪಾಯಿ. ಈ 'ರಿಜಿಸ್ಟ್ರೇಷನ್' ಅನ್ನುವ ಪದ ಬಿಲ್ಲಿನಲ್ಲಿ ಅಚ್ಚಾಗಿತ್ತು, ನೆನಪಿಟ್ಟುಕೊಳ್ಳಿ.

ಹಾಕುವ ಕೆಲಸ ನೋಡುವುದಕ್ಕೆ ಚೆನ್ನಾಗಿತ್ತು. ಚಿಪ್ ಸಿರಿಂಜಿನೊಳಗೇ ತುಂಬಿ ಸೀಲ್ ಆಗಿ ಬರುತ್ತದೆ. ಡಾಕ್ಟರ್ ಪ್ಯಾಕೆಟ್ ಒಡೆಯುವ ಮುಂಚೆಯೇ ಅದರ ಮೇಲೆ ಸ್ಕ್ಯಾನರ್ ಆಡಿಸಿದರು. ಬೀಪ್ ಅಂತು, ಪರದೆಯ ಮೇಲೆ ನಂಬರ್ ಬಂತು. ಆ ನಂಬರನ್ನೂ ಜೊತೆಗೆ ಬಂದ ಬಾರ್‌ಕೋಡ್ ಸ್ಟಿಕ್ಕರನ್ನೂ ನನಗೇ ಓದಿ ತಾಳೆ ನೋಡಲು ಹೇಳಿದರು. ಇದು ನನಗೆ ಬಹಳ ಹಿಡಿಸಿತು. ಆಮೇಲೆ ಚುಕ್ಕಿಯ ಮೈಮೇಲೂ ಒಂದು ಸಲ ಸ್ಕ್ಯಾನರ್ ಓಡಿಸಿದರು. "ಬೀದಿಯಿಂದ ಬಂದಿರೋದಲ್ವಾ, ಮೊದಲೇ ಯಾರಾದ್ರೂ ಹಾಕ್ಸಿದಾರಾ ನೋಡ್ಬೇಕು" ಅಂದರು. ಇರಲಿಲ್ಲ. ಎರಡು ಭುಜಗಳ ನಡುವಿನ ಚರ್ಮವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಸೂಜಿ ಚುಚ್ಚಿದರು. ಮಾಮೂಲಿ ಇಂಜೆಕ್ಷನ್ನಿನ ಸೂಜಿಗಿಂತ ದಪ್ಪ, ನೋಡಿದರೆ ನಮಗೇ ಜುಮ್ ಅನ್ನುತ್ತದೆ. ಚುಕ್ಕಿ ಒಂದು ಸಲ ಕುಯ್ ಅಂದಳು, ಬಿಸ್ಕತ್ತು ಸಿಕ್ಕಿದ ಕೂಡಲೇ ಮರೆತಳು. ಮತ್ತೆ ಸ್ಕ್ಯಾನ್, ಮತ್ತೆ ಬೀಪ್, ಅದೇ ನಂಬರ್. ಒಂದು ಸ್ಟಿಕ್ಕರನ್ನು ಲಸಿಕೆ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದು, ಸ್ಟಿಕ್ಕರಿನ ಮೇಲೆ ಅರ್ಧ ಕಾಗದದ ಮೇಲೆ ಅರ್ಧ ಬರುವ ಹಾಗೆ ಸೀಲ್ ಒತ್ತಿದರು. ಆ ಸೀಲಿನಿಂದಲೇ ಮುಂದೆ ನನ್ನ ಮಾನ ಉಳಿಯಿತು.

ಚಿಪ್ ಅಂದರೆ ಏನೇನೋ ಅಂದುಕೊಂಡವರಿದ್ದಾರೆ. ನಮ್ಮ ಪಕ್ಕದ ಮನೆಯವರು ಈಗಲೂ "ನಿಮ್ಮ ನಾಯಿ ಎಲ್ಲಿದೆ ಅಂತ ಮೊಬೈಲಲ್ಲಿ ಕಾಣ್ಸುತ್ತಂತಲ್ಲ" ಅನ್ನುತ್ತಾರೆ. ಕಾಣಿಸುವುದಿಲ್ಲ. ಇದರಲ್ಲಿ ಜಿಪಿಎಸ್ ಇಲ್ಲ, ಬ್ಯಾಟರಿಯೂ ಇಲ್ಲ. ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ, ಅಷ್ಟೇ. ಸ್ಕ್ಯಾನರ್ ಕಳಿಸುವ ರೇಡಿಯೋ ಅಲೆಯಿಂದಲೇ ಅದಕ್ಕೆ ಆ ಕ್ಷಣದ ಶಕ್ತಿ. ಎಚ್ಚರಾಗಿ ತನ್ನ ನಂಬರ್ ಹೇಳುತ್ತದೆ, ಮತ್ತೆ ಮಲಗುತ್ತದೆ. ಕೆಲವು ಅಂಗುಲ ಹತ್ತಿರ ಹಿಡಿದರೆ ಮಾತ್ರ. ನಂಬರ್ 15 ಅಂಕೆ. ಐಎಸ್ಒ 11784, 11785 ಅನ್ನುವ ಮಾನದಂಡದ ಚಿಪ್ ಆದರೆ 134.2 ಕಿಲೋಹರ್ಟ್ಜ್‌ನಲ್ಲಿ ಮಾತಾಡುತ್ತದೆ, ಆ ಮಾನದಂಡದ ಸ್ಕ್ಯಾನರ್ ಯಾವ ದೇಶದಲ್ಲಿದ್ದರೂ ಓದುತ್ತದೆ. ಮೊದಲ ಮೂರು ಅಂಕೆ ದೇಶದ ಸಂಕೇತ ಅಥವಾ ತಯಾರಕರ ಸಂಕೇತ. 9ರಿಂದ ಶುರುವಾದರೆ ಸಾಮಾನ್ಯವಾಗಿ ತಯಾರಕರದು. ಅಗ್ಗಕ್ಕೆ ಸಿಗುತ್ತದೆ ಅಂತ ಈ ಮಾನದಂಡ ಇಲ್ಲದ ಚಿಪ್ ಹಾಕಿಸಬೇಡಿ.

ಕೆ.ಆರ್. ನಗರದ ಕಡೆ ನನ್ನ ಅಕ್ಕನ ಮನೆ. ಅವಳ ಹಸುವಿನ ಕಿವಿಯಲ್ಲಿ 12 ಅಂಕೆಯ ಹಳದಿ ಬಿಲ್ಲೆ ಇದೆ. ಸರ್ಕಾರದ್ದು. ಆ ನಂಬರ್ ಹಾಕಿದರೆ ಹಸು ಯಾರದು, ಯಾವ ಲಸಿಕೆ ಆಗಿದೆ ಅನ್ನುವುದು ಇಲಾಖೆಯ ಕಂಪ್ಯೂಟರಿನಲ್ಲಿ ಬರುತ್ತದೆ. ಮನೆ ನಾಯಿಗೆ ಆ ಭಾಗ್ಯ ಇಲ್ಲ. ಎಲ್ಲ ಚಿಪ್‌ಗಳಿಗೂ ಸೇರಿ ದೇಶಕ್ಕೆಲ್ಲ ಒಂದೇ ರಿಜಿಸ್ಟರ್ ಅಂತ ನಮ್ಮಲ್ಲಿ ಇಲ್ಲ. ಚಿಪ್ ಮಾರಿದ ಕಂಪನಿಯದೊಂದು ಪಟ್ಟಿ, ಹಾಕಿದ ಕ್ಲಿನಿಕ್‌ನದೊಂದು ಪಟ್ಟಿ, ತಳಿ ನಾಯಿಗಳ ವಂಶಾವಳಿ ದಾಖಲಿಸುವ ಕೆನಲ್ ಕ್ಲಬ್‌ನದು ಇನ್ನೊಂದು. ಈ ಸಂದಿನಲ್ಲೇ ನಾನು ಸಿಕ್ಕಿಬಿದ್ದದ್ದು.

ದೀಪಾವಳಿಯ ರಾತ್ರಿ ಪಟಾಕಿಗೆ ಹೆದರಿ ಚುಕ್ಕಿ ಕಾಂಪೌಂಡ್ ಹಾರಿದಳು. ಹುಡುಕಿದ್ದು, ಫೋಟೋ ಹಂಚಿದ್ದು, ಆ ಪಾಡು ನಾಯಿ ಸಾಕಿದವರಿಗೆ ಹೇಳಬೇಕಾಗಿಲ್ಲ. ಕೆಲವು ವಾರಗಳಾದ ಮೇಲೆ ರಿಂಗ್ ರೋಡಿನ ಆಚೆಯ ಒಂದು ಬಡಾವಣೆಯಲ್ಲಿ ಇದ್ದಾಳೆ ಅಂತ ಹಾಲಿನ ಹುಡುಗ ಹೇಳಿದ. ಹೋದೆ. ಒಂದು ಮನೆಯ ಗೇಟಿನೊಳಗೆ, ಹೊಸ ಕೆಂಪು ಬೆಲ್ಟ್ ಹಾಕಿಕೊಂಡು, ನನಗಿಂತ ಚೆನ್ನಾಗಿ ಇದ್ದಳು. ಹೆಸರು 'ಬ್ರೌನಿ' ಆಗಿತ್ತು.

ಆ ಮನೆಯವರು ಕೆಟ್ಟವರಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಬೀದಿಯಲ್ಲಿ ನಡುಗುತ್ತಿದ್ದ ನಾಯಿಯನ್ನು ಒಳಗೆ ಕರೆದು ಅನ್ನ ಹಾಕಿದವರು. ರೇಬೀಸ್ ಲಸಿಕೆಯನ್ನೂ ಹಾಕಿಸಿದ್ದರು. ನಾನು "ಇದು ನಮ್ಮ ನಾಯಿ" ಅಂದಾಗ ಮನೆಯ ಯಜಮಾನರು "ಹೆಂಗ್ ಹೇಳ್ತೀರಿ ಸಾರ್? ಇಂಥ ಕಂದು ನಾಯಿ ಊರ್ ತುಂಬಾ ಇವೆ" ಅಂದರು. ನ್ಯಾಯವಾದ ಮಾತು. ನಾನೇ ಆ ಕುರ್ಚಿಯಲ್ಲಿದ್ದಿದ್ದರೂ ಅದನ್ನೇ ಕೇಳುತ್ತಿದ್ದೆ.

"ನಾಯಿಯನ್ನೇ ಕೇಳೋಣ" ಅಂತ ಯಾರೋ ಅಂದರು. ಬಿಟ್ಟು ನೋಡಿದೆವು. ಚುಕ್ಕಿ ನನ್ನ ಹತ್ತಿರ ಓಡಿಬಂದು ಬಾಲ ಅಲ್ಲಾಡಿಸಿದಳು. ತಿರುಗಿ ಅವರ ಹತ್ತಿರ ಹೋಗಿ ಅಷ್ಟೇ ಜೋರಾಗಿ ಅಲ್ಲಾಡಿಸಿದಳು. ಆಮೇಲೆ ಹಾಲಿನ ಹುಡುಗನಿಗೂ. ಸಾಕ್ಷಿ ಅಂತ ಇವಳನ್ನು ಕಟಕಟೆಗೆ ಹತ್ತಿಸಿದರೆ ಕೇಸು ಬಿದ್ದುಹೋಗುತ್ತದೆ.

ಅವರು ಲಸಿಕೆ ಪುಸ್ತಕ ತಂದು ತೋರಿಸಿದರು. ಹೊಚ್ಚ ಹೊಸದು. 'ಬ್ರೌನಿ', ಮಾಲೀಕರ ಹೆಸರಿನ ಜಾಗದಲ್ಲಿ ಅವರ ಹೆಸರು, ಡಾಕ್ಟರ ಸಹಿ, ಲಸಿಕೆ ಸೀಸೆಯ ಸ್ಟಿಕ್ಕರ್. ನನ್ನ ಕೈಯಲ್ಲೂ ಒಂದು ಪುಸ್ತಕ, ಅರಿಶಿನದ ಕಲೆ ಆದದ್ದು. ಎರಡೂ ಸಾಚಾ. ಒಂದೇ ನಾಯಿಗೆ ಎರಡು ಪುಸ್ತಕ, ಇಬ್ಬರು ಮಾಲೀಕರು. ಲಸಿಕೆ ಪುಸ್ತಕದಲ್ಲಿ ಮಾಲೀಕರ ಹೆಸರು ಪೆನ್ನಿನಲ್ಲಿ ಬರೆಯುವಂಥದ್ದು, ನಾಯಿ ತಂದವರು ಏನು ಹೇಳುತ್ತಾರೋ ಅದನ್ನೇ ಬರೆಯುತ್ತಾರೆ ಅನ್ನುವುದು ಅವತ್ತು ಚೆನ್ನಾಗಿ ಅರ್ಥವಾಯಿತು.

"ಚಿಪ್ ಇದೆ, ನೋಡೋಣ ಬನ್ನಿ" ಅಂದೆ. ಅವರು ಲಸಿಕೆ ಹಾಕಿಸಿದ ಡಾಕ್ಟರ ಹತ್ತಿರವೇ ಎಲ್ಲರೂ ಹೋದೆವು. ಮೊದಲ ಸಲ ಸ್ಕ್ಯಾನರ್ ಬೀಪ್ ಅನ್ನಲೇ ಇಲ್ಲ. ನನ್ನ ಎದೆ ಧಸಕ್ ಅಂತು. ಡಾಕ್ಟರ್ ಅನುಭವಸ್ಥರು. ಚಿಪ್ ಕೆಲವು ನಾಯಿಗಳಲ್ಲಿ ಹಾಕಿದ ಜಾಗದಿಂದ ಜಾರುತ್ತದಂತೆ. ಸ್ಕ್ಯಾನರನ್ನು ನಿಧಾನವಾಗಿ ಕುತ್ತಿಗೆ, ಎಡಭುಜ, ಪಕ್ಕೆ ಅಂತ ಎಸ್ ಆಕಾರದಲ್ಲಿ ಓಡಿಸಿದರು. ಎಡಭುಜದ ಕೆಳಗೆ ಬೀಪ್. ಹದಿನೈದು ಅಂಕೆ. ನನ್ನ ಪುಸ್ತಕದ ಸ್ಟಿಕ್ಕರಿನ ಜೊತೆ ಒಂದೊಂದೇ ಓದಿದರು, ಸರಿಹೋಯಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಡಾಕ್ಟರ್ ಖಾತ್ರಿಗೆ ಅಂತ ಚಿಪ್ ಕಂಪನಿಯ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿದರು. ಮಾಲೀಕರ ಹೆಸರಿನ ಜಾಗದಲ್ಲಿ ನನ್ನ ಕ್ಲಿನಿಕ್‌ನ ಹೆಸರು! ಫೋನ್ ನಂಬರ್ ಅವರ ರಿಸೆಪ್ಷನ್‌ದು. ನಾಯಿಯ ಹೆಸರಿನ ಜಾಗ ಖಾಲಿ. ಆ ನಂಬರಿಗೆ ಫೋನ್ ಮಾಡಿದರೆ ರಿಸೆಪ್ಷನ್ ಹುಡುಗಿ "ಹೌದು, ನಮ್ಮಲ್ಲೇ ಹಾಕಿರೋದು. ಆದ್ರೆ ಯಾರ ನಾಯಿ ಅಂತ ಹೇಳಕ್ಕಾಗಲ್ಲ, ಡೇಟ್ ಹೇಳಿ, ಬುಕ್ಕಲ್ಲಿ ನೋಡ್ಬೇಕು" ಅಂದಳು. ಅವರ ಉದ್ದನೆಯ ಪುಸ್ತಕ ತಾರೀಖಿನ ಪ್ರಕಾರ ಇದೆ, ಚಿಪ್ ನಂಬರಿನ ಪ್ರಕಾರ ಅಲ್ಲ. ತಾರೀಖು ನನ್ನ ಹತ್ತಿರ ಇತ್ತು, ಅದೇ ಸೀಲಿನ ಪಕ್ಕದಲ್ಲಿ. ಹೇಳಿದೆ. ಹುಡುಕಿ, ನನ್ನ ಹೆಸರು, ಬಿಲ್ ನಂಬರ್ ಓದಿದಳು. ಸುಮ್ನೆ ಯೋಚನೆ ಮಾಡಿ: ನಾನು ಅಲ್ಲಿ ಇರದೆ, ಯಾರೋ ಒಳ್ಳೆಯವರು ಚುಕ್ಕಿಯನ್ನು ಸ್ಕ್ಯಾನ್ ಮಾಡಿಸಿ ಆ ನಂಬರಿಗೆ ಫೋನ್ ಮಾಡಿದ್ದರೆ? ತಾರೀಖು ಗೊತ್ತಿಲ್ಲದ ಅವರಿಗೆ ಏನು ಉತ್ತರ ಸಿಗುತ್ತಿತ್ತು?

ರಿಜಿಸ್ಟ್ರೇಷನ್‌ಗೆ ದುಡ್ಡು ತಗೊಂಡು ಹೀಗೆ ಮಾಡಿದ್ದಕ್ಕೇ ಆ ಒಂದೂವರೆ ಅಂಕ. ಹಾಗೆ ನೋಡಿದರೆ ಲಸಿಕೆ ಹಾಕಿದ ಕ್ಲಿನಿಕ್‌ಗೂ ಒಂದು ಮಾತು ಹೇಳಬೇಕು. ಬೀದಿಯಿಂದ ಸಿಕ್ಕಿತು ಅಂತ ಯಾರಾದರೂ ದೊಡ್ಡ ನಾಯಿಯನ್ನು ಮೊದಲ ಸಲ ತಂದಾಗ ಅರ್ಧ ನಿಮಿಷ ಸ್ಕ್ಯಾನರ್ ಆಡಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಚಿಪ್ ಹೇಳುವುದು ಇಷ್ಟೇ: ಈ ನಾಯಿ ಇಂಥ ನಂಬರಿನ ನಾಯಿ. ಆ ನಂಬರ್ ಯಾರದು ಅಂತ ಹೇಳಬೇಕಾದದ್ದು ಕಾಗದ. ಗಡಿಕಲ್ಲಿನ ಮೇಲೆ ಸರ್ವೆ ನಂಬರ್ ಕೆತ್ತಿದ್ದ ಮಾತ್ರಕ್ಕೆ ಜಮೀನು ನಿಮ್ಮದಾಗುತ್ತದಾ? ಪಹಣಿಯಲ್ಲಿ ಹೆಸರು ಬೇಕು. ಕ್ಲಿನಿಕ್‌ಗಳು ನಮಗೆ ಕಲ್ಲು ನೆಟ್ಟುಕೊಟ್ಟು, ಪಹಣಿ ಆಯಿತು ಅಂತ ಹೇಳಿ ಕಳಿಸುತ್ತಿವೆ.

ಮನೆಗೆ ಬಂದ ಮೇಲೆ ಒಂದು ಫೈಲ್ ಮಾಡಿದೆ. ಯಾವ ಕಾಗದಕ್ಕೆ ಎಷ್ಟು ಬೆಲೆ ಅಂತ ಅಳೆಯಲು ನನ್ನ ಹಳೇ ಲೆಕ್ಕ: ಬೇರೆಯವರು, ತಮ್ಮ ಕೆಲಸದ ಭಾಗವಾಗಿ, ಅವತ್ತೇ ತಾರೀಖು ಹಾಕಿ ಬರೆದದ್ದಕ್ಕೆ ಬೆಲೆ ಜಾಸ್ತಿ. ನಾವೇ ನಮಗೋಸ್ಕರ ಬರೆದುಕೊಂಡದ್ದಕ್ಕೆ ಕಡಿಮೆ. ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ನಾನು ಯೋಚಿಸದೇ ಇದ್ದ ಒಂದು ಚೀಟಿ. ಚುಕ್ಕಿಗೆ ಸಂತಾನಹರಣ ಆಪರೇಷನ್ ಮಾಡಿಸಿದಾಗ ಕೊಟ್ಟ ಡಿಸ್ಚಾರ್ಜ್ ಕಾಗದ. ಅದರಲ್ಲಿ ಚಿಪ್ ನಂಬರ್ ಇದೆ, ನನ್ನ ಹೆಸರು ವಿಳಾಸ ಇದೆ, ಆಪರೇಷನ್‌ಗೆ ಒಪ್ಪಿಗೆ ಕೊಟ್ಟ ನನ್ನ ಸಹಿ ಇದೆ, ಹಣೆಯ ಚುಕ್ಕೆ, ಬಿಳಿ ಬೆರಳು ಎಲ್ಲ ಬರೆದಿದ್ದಾರೆ, ಪಶುವೈದ್ಯ ಕೌನ್ಸಿಲ್ಲಿನಲ್ಲಿ ಡಾಕ್ಟರಿಗಿರುವ ನೋಂದಣಿ ಸಂಖ್ಯೆ ಇದೆ. ಹೊಟ್ಟೆಯ ಮೇಲಿನ ಹೊಲಿಗೆ ಗುರುತು ನಾಯಿಯ ಮೈಮೇಲೇ ಇದೆ. ಇದಕ್ಕಿಂತ ಇನ್ನೇನು ಬೇಕು?

ಆಮೇಲೆ ಲಸಿಕೆ ಪುಸ್ತಕ. ಒಂದು ಪುಟ ನೋಡಿದರೆ ಅದಕ್ಕೆ ಬೆಲೆ ಕಡಿಮೆ. ವರ್ಷ ವರ್ಷ ಬಿಡದೆ ಅದೇ ಹೆಸರಿನಲ್ಲಿ, ಬ್ಯಾಚ್ ನಂಬರಿನ ಸ್ಟಿಕ್ಕರ್ ಸಮೇತ ಬಂದಿದ್ದರೆ ಜಾಸ್ತಿ. ಬಿಲ್‌ಗಳನ್ನು ಬಿಸಾಡಬೇಡಿ. ಥರ್ಮಲ್ ಕಾಗದದ ಬಿಲ್ ಆದರೆ ಅಕ್ಷರ ಮಾಸುತ್ತದೆ, ಅವತ್ತೇ ಫೋಟೋ ತೆಗೆದಿಡಿ. ಯುಪಿಐನಲ್ಲಿ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಾಕ್ಷಿ ತಾನಾಗೇ ಕೂತಿರುತ್ತದೆ. ಬೆಂಗಳೂರಿನಲ್ಲಿ ಇರುವವರಿಗೆ ಪಾಲಿಕೆಯ ನಾಯಿ ಲೈಸೆನ್ಸ್ ಇದೆ, ದಯವಿಟ್ಟು ಮಾಡಿಸಿ. ಅಧಿಕಾರಿಯೊಬ್ಬರು ನಿಮ್ಮ ಹೆಸರಿಗೆ ಕೊಟ್ಟ ಕಾಗದದ ತೂಕವೇ ಬೇರೆ.

ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಅಂತ ಒಬ್ಬ ಗೆಳೆಯ ಸಲಹೆ ಕೊಟ್ಟ. ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ನೋಟರಿ ಹೇಳುವುದು ನೀವು ಹೀಗೆ ಹೇಳಿದಿರಿ ಅಂತ ಮಾತ್ರ. ನಾಯಿ ನಿಮ್ಮದು ಅಂತ ಅಲ್ಲ.

ದುಡ್ಡು ಕೊಟ್ಟು ಮರಿ ತಂದವರದ್ದು ಸುಲಭ ಅಂದುಕೊಂಡಿದ್ದೆ, ಅದೂ ಇಲ್ಲ. ನಮ್ಮ ವಾಕಿಂಗ್ ಗೆಳೆಯರೊಬ್ಬರ ಲ್ಯಾಬ್ರಡಾರ್‌ಗೆ ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಇದೆ. ಚೆನ್ನೈನಿಂದ ಬಂದದ್ದು. ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರೆ. ಹತ್ತಿರ ಹೋಗಿ ಓದಿದೆ. ಮಾಲೀಕರ ಜಾಗದಲ್ಲಿ ಇನ್ನೂ ಮರಿ ಮಾರಿದವನ ಹೆಸರು! ವರ್ಗಾವಣೆ ಫಾರಂಗೆ ಇಬ್ಬರೂ ಸಹಿ ಹಾಕಿ ಕಳಿಸಿದರೆ ಮಾತ್ರ ಹೆಸರು ಬದಲಾಗುತ್ತದೆ. ಮಾರಿದವನು "ಆಮೇಲೆ ಮಾಡ್ಸೋಣ" ಅಂದಿದ್ದನಂತೆ. ಮರಿ ತರುವ ದಿನವೇ ಆ ಫಾರಂಗೆ ಸಹಿ ತಗೊಳ್ಳಿ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ನಾಯಿಗಳಿಗೆ ಮೈಕ್ರೋಚಿಪ್ ಹಾಕಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ನೋಂದಣಿ ಸಂಖ್ಯೆ, ರಸೀದಿ ಕೇಳಿದ ಕೂಡಲೇ ಮುಖ ಸಿಂಡರಿಸುವವನ ಹತ್ತಿರ ಮರಿ ತಗೊಳ್ಳದಿರುವುದೇ ವಾಸಿ.

ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವ ಪ್ರಮೇಯ ನನಗೆ ಬರಲಿಲ್ಲ. ಆದರೆ ಕಾನೂನು ಓದಿಕೊಂಡೆ, ಚಾಳಿ. ಕಾನೂನಿನ ಕಣ್ಣಿಗೆ ಸಾಕುನಾಯಿ ಚರಸ್ವತ್ತು, ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಬಹುದಾದ ಆಸ್ತಿ. ಕದ್ದರೆ ಕಳ್ಳತನ, ಈಗ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್. ಅದರಲ್ಲೇ ಒಂದು ಮಾತಿದೆ: ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನು ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಬೀದಿಯಿಂದ ಬಂದ ಚುಕ್ಕಿಯ ಮಾರುಕಟ್ಟೆ ಬೆಲೆ ಎಷ್ಟು ಅಂತ ಯಾರು ಹೇಳಬೇಕು? ಆಪರೇಷನ್, ಲಸಿಕೆ, ಔಷಧಿಯ ಬಿಲ್‌ಗಳನ್ನು ಕೂಡಿಸಿದರೆ ಅದರ ಎಷ್ಟೋ ಪಟ್ಟು ಆಗುತ್ತದೆ. ಬಿಲ್ ಇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ನಾಯಿಯನ್ನು ಹೊರದೇಶಕ್ಕೆ ಕರೆದೊಯ್ಯುವವರು ಇದೊಂದನ್ನು ಮಾತ್ರ ಗಮನಿಸಿ. ಜರ್ಮನಿಯಲ್ಲಿ ಕೆಲಸ ಸಿಕ್ಕಿದ ನನ್ನ ಅಣ್ಣನ ಮಗನಿಗೆ ಇದು ದೊಡ್ಡ ತಲೆನೋವಾಯಿತು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗಿಂತ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ, ಯಾವ ನಾಯಿಗೆ ಹಾಕಿದ್ದು ಅಂತ ಗುರುತಿಲ್ಲವಲ್ಲ. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅವನ ನಾಯಿಗೆ ಲಸಿಕೆ ಎಲ್ಲ ಆಗಿತ್ತು, ಚಿಪ್ ಇರಲಿಲ್ಲ. ಎಲ್ಲ ಮೊದಲಿನಿಂದ.

ಚುಕ್ಕಿಯನ್ನು ಅವತ್ತೇ ಮನೆಗೆ ಕರೆತಂದೆ. ಆ ಮನೆಯ ಚಿಕ್ಕ ಹುಡುಗಿ ಅತ್ತಿತು. ಈಗ ರಜೆ ಇದ್ದಾಗ ಬಂದು ಆಡಿಕೊಂಡು ಹೋಗುತ್ತದೆ, ಬ್ರೌನಿ ಅಂತಲೇ ಕರೆಯುತ್ತದೆ, ಚುಕ್ಕಿಗೂ ಅಭ್ಯಂತರ ಇಲ್ಲ.

ಕ್ಲಿನಿಕ್‌ಗೆ ಹೋಗಿ ಬಿಲ್ ತೋರಿಸಿ ಕೇಳಿದೆ. ಡಾಕ್ಟರ್‌ಗೆ ನಿಜವಾಗಿಯೂ ಗೊತ್ತಿರಲಿಲ್ಲ. ಚಿಪ್‌ಗಳನ್ನು ಡಬ್ಬದಲ್ಲಿ ತರಿಸಿದಾಗ ಎಲ್ಲ ನಂಬರ್‌ಗಳನ್ನೂ ಒಟ್ಟಿಗೆ ಕ್ಲಿನಿಕ್‌ನ ಹೆಸರಿಗೆ ಏರಿಸಿದ್ದಾರೆ, ನಾಯಿ ಬಂದಾಗ ಮಾಲೀಕರ ಹೆಸರಿಗೆ ಬದಲಾಯಿಸುವ ಕೆಲಸ ಯಾರದು ಅಂತ ಯಾರಿಗೂ ಹೇಳಿಲ್ಲ. ನನ್ನ ಎದುರಿಗೇ ಸರಿ ಮಾಡಿಸಿದರು. ನನ್ನ ನಂಬರ್, ಎರಡನೆಯದಾಗಿ ಮಗಳ ನಂಬರ್. ಈಗ ಚಿಪ್ ಹಾಕಿದ ತಕ್ಷಣ ಪರದೆ ತಿರುಗಿಸಿ ನಿಮ್ಮ ಹೆಸರು ತೋರಿಸುತ್ತಾರೆ. ತೋರಿಸದಿದ್ದರೆ ಕೇಳಿ, ನೀವೇ ಮೊಬೈಲಿನಲ್ಲಿ ನಂಬರ್ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ. ಫೋನ್ ನಂಬರ್ ಬದಲಾದರೆ ಅಲ್ಲೂ ಬದಲಾಯಿಸಬೇಕು. ಪ್ರತಿ ವರ್ಷ ಲಸಿಕೆಗೆ ಹೋದಾಗ ಒಂದು ಸಲ ಸ್ಕ್ಯಾನ್ ಮಾಡಿಸಿ, ಚಿಪ್ ಎಲ್ಲಿಗೆ ಜಾರಿದೆ ಅಂತ ಪುಸ್ತಕದಲ್ಲಿ ಬರೆಸಿಕೊಳ್ಳಿ. ನಮ್ಮ ಕ್ಲಿನಿಕ್‌ನಲ್ಲಿ ಇದಕ್ಕೆ ಬೇರೆ ಚಾರ್ಜ್ ಇಲ್ಲ. ಉಳಿದ ಸ್ಟಿಕ್ಕರ್‌ಗಳನ್ನು ಅವರ ಹತ್ತಿರ ಬಿಡಬೇಡಿ, ಕೇಳಿ ಈಸ್ಕೊಳ್ಳಿ. ಒಂದು ಪುಸ್ತಕಕ್ಕೆ, ಒಂದು ಫೈಲಿಗೆ, ಒಂದು ಊರಲ್ಲಿರುವ ಮಕ್ಕಳ ಹತ್ತಿರ. ಮತ್ತೆ, ಹೋಗುವ ಮುಂಚೆ ಫೋನ್ ಮಾಡಿ. ಚಿಪ್ ಸ್ಟಾಕ್ ಯಾವಾಗಲೂ ಇರುವುದಿಲ್ಲ, ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತಾರೆ, ಪಾರ್ಕಿಂಗ್ ಜಾಗ ಅಂತೂ ಇಲ್ಲವೇ ಇಲ್ಲ.